ನಾಲ್ಕನೇ ಸ್ಥಾನದ ಆಟ ನೋಡಿದ್ದಕ್ಕೆ ಕ್ಷಮೆ ಯಾಕೆ?

ಓದುಗರ ಪತ್ರ: 2021ರ ಆಗಸ್ಟ್ 7ರಂದು ಬೆಳಗಿನ ಜಾವ ಎದ್ದು ಮೊಮ್ಮಗನ ಜೊತೆ ಅದಿತಿ ಅಶೋಕ್ ಅವರ ಒಲಿಂಪಿಕ್ ಗಾಲ್ಫ್ ನೋಡಿದೆ. ಆಟ ಪೂರ್ತಿ ಅರ್ಥ ಆಗಲಿಲ್ಲ, ಆದರೆ ಎದ್ದು ಹೋಗೋಕೂ ಆಗಲಿಲ್ಲ. ಈಗಲೂ ನೆನೆಸಿಕೊಳ್ಳುತ್ತೇನೆ. ‘ದುಡ್ಡಿರೋರ ಆಟ, ಅದರಲ್ಲೂ ಸೋತ ಆಟ’ ಅಂತ ಮನೆಯವರು ಹಂಗಿಸುತ್ತಾರೆ. ಆಮೇಲೆ ಆಕೆ ಏನಾದರೋ ಗೊತ್ತಿಲ್ಲ. ತಿಳಿಯದೆ ಬರೆದಿದ್ದಕ್ಕೆ ಕ್ಷಮೆ ಇರಲಿ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಸಂಪಾದಕರ ಉತ್ತರ: ಮೇಡಂ, ಕ್ಷಮೆ ಯಾಕೆ ಕೇಳಿದಿರಿ? ನನಗೆ ಬೇಜಾರಾಗಿದ್ದು ಅದೊಂದೇ.

ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಕ್ಲಬ್ ಸೇರೋ ದುಡ್ಡು ಸಂಬಳದವರ ಕೈಗೆ ಎಟುಕೋದಿಲ್ಲ. ಆ ಹುಲ್ಲಿಗೆ ನೀರೂ ಜಾಸ್ತಿ ಬೇಕು. ಒಪ್ಪಿದೆ. ಆದರೆ ಬಿಡದಿ ಪಕ್ಕದ ಹಳ್ಳಿಯಿಂದ ಬಂದು, ಕ್ಯಾಡಿಯಾಗಿ, ಅಂದರೆ ಆಟಗಾರರ ಬ್ಯಾಗ್ ಹೊರುವವರಾಗಿ ಶುರುಮಾಡಿ ವೃತ್ತಿಪರ ಆಟಗಾರರಾದ ಎಸ್. ಚಿಕ್ಕರಂಗಪ್ಪ ಅವರದ್ದೂ ಇದೇ ಆಟ ಅಲ್ವಾ?

ಅವತ್ತು ನಾನೂ ಟಿವಿ ಮುಂದೆ ಕೂತಿದ್ದೆ. ಒಲೆ ಮೇಲಿಟ್ಟ ಹಾಲು ಉಕ್ಕಿ ಹರಿದರೂ ಏಳಲಿಲ್ಲ. ಟೋಕಿಯೊ ಹತ್ತಿರದ ಕಸುಮಿಗಸೆಕಿ ಮೈದಾನ. ಕೋವಿಡ್‌ನಿಂದಾಗಿ ಪ್ರೇಕ್ಷಕರಿಗೆ ಪ್ರವೇಶವಿಲ್ಲ. ಅದಿತಿಯ ಬ್ಯಾಗ್ ಹೊತ್ತಿದ್ದು ಅಮ್ಮ ಮಹೇಶ್ವರಿ. ವಿಶ್ವ ರ‍್ಯಾಂಕಿಂಗ್‌ನಲ್ಲಿ 200ನೇ ಸ್ಥಾನದಲ್ಲಿದ್ದ ನಮ್ಮ ಬೆಂಗಳೂರಿನ ಹುಡುಗಿ, ಮೊದಲ ಸ್ಥಾನದ ನೆಲ್ಲಿ ಕೊರ್ಡಾ ಜೊತೆ ಪದಕಕ್ಕೆ ಹೋರಾಡುತ್ತಿದ್ದರು. ಕೊರ್ಡಾ ಹೊಡೆದ ಚೆಂಡು ಎಲ್ಲೋ ಮುಂದೆ, ಅದಿತಿಯದು ಎಷ್ಟೋ ಹಿಂದೆ. ಸ್ವಲ್ಪ ದಿನದ ಹಿಂದಷ್ಟೇ ಕೋವಿಡ್ ಬಂದು ಮೈಯಲ್ಲಿ ತ್ರಾಣ ಕುಗ್ಗಿತ್ತು. ಆದರೆ ಗುಳಿಯ ಸುತ್ತಲಿನ ನುಣುಪು ಹುಲ್ಲು, ಅಂದರೆ ಗ್ರೀನ್ ಮೇಲೆ, ಚೆಂಡು ಉರುಳಿಸುವ ಪಟರ್ ಹಿಡಿದರೋ, ಆ ಕೊರತೆ ಎಲ್ಲಾ ತುಂಬಿ ಬರುತ್ತಿತ್ತು.

ಕೊನೆಗೆ ಗುಡುಗು ಮಳೆ ಅಂತ ಆಟ ನಿಂತಿತು, ಮತ್ತೆ ಶುರುವಾಯಿತು. 18ನೇ ಹೋಲ್, ಅಂದರೆ ಕೊನೆಯ ಗುಳಿ. ಗುಳಿಗೆ ಉರುಳಿಸಿದ ಆ ಪಟ್ ಬಿದ್ದಿದ್ದರೆ ಮೋನೆ ಇನಾಮಿ, ಲಿಡಿಯಾ ಕೊ ಇಬ್ಬರಿಗೂ ಸರಿಸಮ. ಬೆಳ್ಳಿ, ಕಂಚಿಗೆ ಮೂವರ ನಡುವೆ ಪ್ಲೇಆಫ್, ಅಂದರೆ ನಿರ್ಣಾಯಕ ಹೆಚ್ಚುವರಿ ಆಟ. ಬೀಳಲಿಲ್ಲ. ಗಾಲ್ಫ್‌ನಲ್ಲಿ ಹೊಡೆತ ಕಡಿಮೆ ಆದಷ್ಟೂ ಮೇಲು. ನಾಲ್ಕು ದಿನಕ್ಕೆ ಅದಿತಿಯದು 269 ಹೊಡೆತ. 268 ಆಗಿದ್ದರೆ ಇನ್ನೊಂದು ಅವಕಾಶ ಇರುತ್ತಿತ್ತು. ನಾನು ಎದ್ದು ಸುಮ್ನೆ ಬಾಲ್ಕನಿಗೆ ಹೋಗಿ ನಿಂತುಬಿಟ್ಟೆ.

ಇದನ್ನು ಸೋಲು ಅನ್ನೋದಾದರೆ, 1960ರ ರೋಮ್‌ನಲ್ಲಿ ಮಿಲ್ಖಾ ಸಿಂಗ್ ನಾಲ್ಕನೆಯವರು. 1984ರಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರರಲ್ಲೊಂದು ಪಾಲಿಗೆ ನಾಲ್ಕನೆಯವರು. ಆ ಕಥೆಗಳನ್ನು ಮಕ್ಕಳಿಗೆ ಎದೆಯುಬ್ಬಿಸಿ ಹೇಳುತ್ತೇವೆ. ಅದಿತಿಯ ಕಥೆ ಮಾತ್ರ ಎರಡೇ ದಿನದಲ್ಲಿ ಮರೆತುಹೋಯಿತು. ಅವತ್ತೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ದರು. ಅದಕ್ಕೆ ಹಬ್ಬ ಮಾಡಿದ್ದು ಸರಿಯೇ. ಆದರೆ ಹೆಬ್ಬಾಳದಲ್ಲೋ ದೊಮ್ಮಲೂರಲ್ಲೋ ಪಕ್ಕದ ಬೀದಿಯವರು ಆಡಿದ ಆಟಕ್ಕೆ ನಮ್ಮ ಪುಟಗಳಲ್ಲಿ ಜಾಗ ಸಿಗೋದೇ ಇಲ್ಲ. ವರ್ಷಪೂರ್ತಿ ಕ್ರಿಕೆಟ್, ಕ್ರಿಕೆಟ್. ಒಲಿಂಪಿಕ್ಸ್ ಬಂದಾಗ ಮಾತ್ರ ‘ಪದಕ ಎಲ್ಲಿ?’ ಅಂತ ಕೇಳುತ್ತೇವೆ. ನಾಲ್ಕು ವರ್ಷ ಆಟವನ್ನೇ ನೋಡದವರು ಆಟಗಾರರ ಹತ್ತಿರ ಲೆಕ್ಕ ಕೇಳೋದು ನನಗೆ ಸಹಿಸೋಕಾಗದ ವಿಷಯ.

ಇಲ್ಲಿ ನಿಮ್ಮ ಮೇಲೂ ಸ್ವಲ್ಪ ಸಿಟ್ಟಿದೆ. ‘ಏನಾದರೋ ಗೊತ್ತಿಲ್ಲ’ ಅಂದರೆ ಹೇಗೆ, ಮೇಡಂ? 2023ರಲ್ಲಿ ಅವರು ಕೀನ್ಯಾದಲ್ಲೂ ಸ್ಪೇನ್‌ನಲ್ಲೂ ಪ್ರಶಸ್ತಿ ಗೆದ್ದರು. ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ದಿನಕ್ಕೆ 7 ಹೊಡೆತ ಮುಂದಿದ್ದರು. ಅವತ್ತು ಆಟ ಕೈ ಕೊಟ್ಟು 77 ಹೊಡೆತ ಆಯಿತು, ಬೆಳ್ಳಿ ಬಂತು. ಏಷ್ಯನ್ ಗೇಮ್ಸ್ ಗಾಲ್ಫ್‌ನಲ್ಲಿ ಭಾರತದ ಮಹಿಳೆಯೊಬ್ಬರಿಗೆ ಸಿಕ್ಕ ಮೊದಲ ಪದಕ ಅದು. ಮೊಮ್ಮಗನಿಗೆ ಇದನ್ನೂ ಹೇಳಿ.

‘ಅರ್ಥ ಆಗಲಿಲ್ಲ’ ಅಂದಿರಿ. ಒಮ್ಮೆ ದೊಮ್ಮಲೂರು ಪಕ್ಕದ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಮೈದಾನದಲ್ಲಿ ಟೂರ್ನಿ ನೋಡೋಕೆ ಹೋಗಿದ್ದೆ. ಚೆಂಡು ಎಲ್ಲಿ ಹೋಯಿತು ಅಂತ ಆಕಾಶ ನೋಡಿ ನೋಡಿ ಕತ್ತು ನೋಯುತ್ತಿತ್ತು. ಪಕ್ಕದಲ್ಲಿದ್ದ ವಯಸ್ಸಾದ ಕ್ಯಾಡಿಯೊಬ್ಬರು, ‘ಸಾರ್, ಚೆಂಡು ಬಿಡಿ, ಆಟಗಾರನ ಮುಖ ನೋಡಿ. ಎಲ್ಲಿ ಬಿತ್ತು ಅಂತ ಗೊತ್ತಾಗುತ್ತೆ’ ಅಂದರು. ನೋಡಿದೆ. ಗೊತ್ತಾಯಿತು. ಗ್ರೀನ್ ಪಕ್ಕ ಕುಕ್ಕರುಗಾಲಲ್ಲಿ ಕೂತ ಹುಡುಗ ಇಳಿಜಾರು ಅಳೆಯುತ್ತಿದ್ದ. ಬಲಗೈ ಹೆಬ್ಬೆರಳು ಪ್ಯಾಂಟಿಗೆ ಉಜ್ಜುತ್ತಲೇ ಇತ್ತು. ಸುತ್ತ ನೂರು ಜನ, ಪಿಸುಮಾತೂ ಇಲ್ಲ.

ಬೆಂಗಳೂರಲ್ಲಿ ಮುಂದಿನ ಟೂರ್ನಿ ನಡೆಯುವಾಗ ಮೊಮ್ಮಗನನ್ನು ಕರೆದುಕೊಂಡು ಬನ್ನಿ. ಇಬ್ಬರಿಗೂ ಟೋಪಿ ಇರಲಿ, ನೀರಿನ ಬಾಟಲಿ ಇರಲಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಹೆಸರೇ ಕೇಳಿರದ ಯಾರಾದರೂ ಒಬ್ಬರನ್ನು ಆರಿಸಿಕೊಂಡು, ಮೊದಲ ಹೋಲ್‌ನಿಂದ ಹದಿನೆಂಟರವರೆಗೂ ಅವರ ಹಿಂದೆಯೇ ನಡೆಯಿರಿ.