ಹಳೆಯ ಮಿನಿವ್ಯಾನ್ ಕೊಳ್ಳುವ ಮುನ್ನ ಗೇರ್‌ಬಾಕ್ಸ್ ನೋಡುವ ಬಗೆ

ದಾವಣಗೆರೆಯ ವಿದ್ಯಾನಗರದಿಂದ ಒಹಾಯೊಗೆ ಬಂದು ನಾಲ್ಕು ತಿಂಗಳಾಯಿತೆಂದೂ, ಮೇ ತಿಂಗಳಲ್ಲಿ ಅಪ್ಪ ಅಮ್ಮ ಬರುವುದರೊಳಗೆ ಇಬ್ಬರು ಮಕ್ಕಳ ಸೀಟುಗಳೂ ಹಿಡಿಸುವಂಥ ದೊಡ್ಡ ಗಾಡಿ ಬೇಕೆಂದೂ ಬರೆದಿದ್ದೀರಿ. 1,42,000 ಮೈಲಿ ಓಡಿರುವ 2011ರ ಹೋಂಡಾ ಒಡಿಸ್ಸಿ 7,000 ಡಾಲರಿಗೆ ಸಿಗುತ್ತಿದೆ, ಆದರೆ ಅದರ ಟ್ರಾನ್ಸ್‌ಮಿಷನ್, ಅಂದರೆ ಗೇರ್‌ಬಾಕ್ಸ್, ನಂಬಬಾರದೆಂದು ಆಫೀಸಿನವರು ಹೆದರಿಸಿದ್ದಾರೆ, ಏನು ಮಾಡಲಿ ಎಂಬುದು ನಿಮ್ಮ ಪ್ರಶ್ನೆ. ನಾನು ಚಿತ್ರದುರ್ಗದವನು. ಇಲ್ಲಿ ಈವರೆಗೆ ಮೂರು ಹಳೆಯ ಮಿನಿವ್ಯಾನ್ ಕೊಂಡಿದ್ದೇನೆ, ಅವುಗಳಲ್ಲಿ ಒಂದು ಗೇರ್‌ಬಾಕ್ಸಿನ ಕಾರಣಕ್ಕೇ ಗುಜರಿ ಸೇರಿತು.

ಮೊದಲು ನಮ್ಮೂರಿನ ಲೆಕ್ಕವನ್ನು ಪಕ್ಕಕ್ಕಿಡಬೇಕು. ನನ್ನ ಚಿಕ್ಕಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಮೂಟೆ ಹೊಡೆಯುವ ಮೆಟಾಡೋರ್ ಇಟ್ಟಿದ್ದರು. ಕ್ಲಚ್ ಪ್ಲೇಟ್ ಸವೆದು, ಏರಿನಲ್ಲಿ ಎಂಜಿನ್ ಎಷ್ಟು ಕೂಗಿಕೊಂಡರೂ ಗಾಡಿ ಮುಂದೆ ಹೋಗದಂತಾದರೆ, ಹೈವೇ ಪಕ್ಕದ ಗ್ಯಾರೇಜಿನ ಮೇಸ್ತ್ರಿ ಬೆಳಿಗ್ಗೆ ಗೇರ್‌ಬಾಕ್ಸ್ ಇಳಿಸಿ, ಗೋಣಿಚೀಲದ ಮೇಲೆ ಒಂದೊಂದೇ ಬೋಲ್ಟ್ ಜೋಡಿಸಿಟ್ಟು, ಹೊಸ ಪ್ಲೇಟ್ ಕೂರಿಸಿ ಸಂಜೆಯೊಳಗೆ ಗಾಡಿ ಕೊಟ್ಟುಬಿಡುತ್ತಿದ್ದರು. ಇಲ್ಲಿಯ ಆಟೋಮ್ಯಾಟಿಕ್ ಗಾಡಿಯಲ್ಲಿ ಕಾಲಿನಿಂದ ಒತ್ತುವ ಕ್ಲಚ್ ಇಲ್ಲ. ಎಂಜಿನ್ನಿನ ಬಲವನ್ನು ಟಾರ್ಕ್ ಕನ್ವರ್ಟರ್ ಎಂಬ ಭಾಗ ಆಯಿಲ್ ಮೂಲಕ ದಾಟಿಸುತ್ತದೆ, ಒಳಗಿನ ಹತ್ತಾರು ಸಣ್ಣ ಕ್ಲಚ್ ಪ್ಲೇಟುಗಳನ್ನು ಅದೇ ಆಯಿಲ್‌ನ ಒತ್ತಡ ಹಿಡಿದು ಬಿಡುತ್ತದೆ. ಒಂದು ಪ್ಲೇಟ್ ಸುಟ್ಟರೆ ಅದರ ಪುಡಿ ಆಯಿಲ್ ಜೊತೆ ಹರಿದು ವಾಲ್ವುಗಳ ಸಣ್ಣ ಕಿಂಡಿಗಳಲ್ಲೆಲ್ಲ ಕೂರುತ್ತದೆ. ಆದ್ದರಿಂದ ಇಲ್ಲಿ ಒಂದು ಪ್ಲೇಟ್ ಬದಲಿಸಿ ಕೊಡುವ ಮೇಸ್ತ್ರಿ ಸಿಗುವುದು ಕಷ್ಟ. ಇಡೀ ಗೇರ್‌ಬಾಕ್ಸನ್ನೇ ಬದಲಿಸಿ ಎನ್ನುತ್ತಾರೆ, ಅದಕ್ಕೆ 4,000ದಿಂದ 6,000 ಡಾಲರ್ ಆಗುತ್ತದೆ. ನೀವು ಕೊಳ್ಳಲಿರುವ ಗಾಡಿಯ ಬೆಲೆಯೇ ಹೆಚ್ಚುಕಡಿಮೆ ಅಷ್ಟು.

ಇನ್ನು ಒಡಿಸ್ಸಿಯ ಅಪಕೀರ್ತಿಯ ವಿಷಯ. ಅದು ಸುಳ್ಳಲ್ಲ, ಆದರೆ ಹಳೆಯದು. 1999ರಿಂದ 2004ರವರೆಗಿನ ಒಡಿಸ್ಸಿಗಳ ಗೇರ್‌ಬಾಕ್ಸುಗಳು ಬಹಳ ತೊಂದರೆ ಕೊಟ್ಟವು. 2004ರಲ್ಲಿ, ಎರಡನೆಯ ಗೇರ್ ವಿಪರೀತ ಕಾದು ಹಲ್ಲು ಮುರಿಯಬಹುದೆಂದು, ಒಡಿಸ್ಸಿಯೂ ಸೇರಿದಂತೆ ಸುಮಾರು 11 ಲಕ್ಷ ಗಾಡಿಗಳನ್ನು ಕಂಪನಿಯೇ ರಿಕಾಲ್ ಮಾಡಿತು, ಅಂದರೆ ಸರಿಪಡಿಸಲು ವಾಪಸ್ ಕರೆಸಿಕೊಂಡಿತು. ನೀವು ನೋಡಿರುವುದು ಆ ಪೀಳಿಗೆಯದಲ್ಲ. 2011ರಿಂದ 2013ರವರೆಗೆ ಟೂರಿಂಗ್ ದರ್ಜೆಯ ಗಾಡಿಗಳಿಗೆ ಆರು ಗೇರು, ಉಳಿದವಕ್ಕೆ ಐದು. 2014ರಿಂದ ಎಲ್ಲಕ್ಕೂ ಆರು ಗೇರು ಬಂದವು. ಹಾಗಾಗಿ ಹಿಂಬದಿಯಲ್ಲಿ ಯಾವ ದರ್ಜೆಯ ಹೆಸರಿದೆ ಎಂದು ನೋಡಿಕೊಳ್ಳಿ. ಟೊಯೋಟಾ ಸಿಯೆನ್ನಾ ಕೊಳ್ಳಿ ಎಂದು ಹತ್ತು ಜನ ಹೇಳುತ್ತಾರೆ. ಹೇಳುವುದರಲ್ಲಿ ತಪ್ಪಿಲ್ಲ, ಆದರೆ ಅದೇ ಮಾತಿನಿಂದಾಗಿ ಹಳೆಯ ಸಿಯೆನ್ನಾದ ಬೆಲೆಯೂ ಏರಿ ಕೂತಿದೆ. 2021ರಿಂದ ಬರುತ್ತಿರುವ ಹೈಬ್ರಿಡ್ ಸಿಯೆನ್ನಾದಲ್ಲಂತೂ ಮಾಮೂಲಿ ಗೇರುಗಳೇ ಇಲ್ಲ. ಅದು ಸದ್ಯಕ್ಕೆ ನಿಮ್ಮ ಬಜೆಟ್ಟಿನಾಚೆಯ ಮಾತು.

ನನ್ನ ಅನುಭವದಲ್ಲಿ, ಇಷ್ಟು ಮೈಲಿ ಓಡಿದ ಗಾಡಿಯಲ್ಲಿ ಕಂಪನಿಯ ಹೆಸರಿಗಿಂತ ಮುಖ್ಯವಾದದ್ದು ಗೇರ್‌ಬಾಕ್ಸಿನ ಆಯಿಲ್ ಬದಲಿಸಿದ ರಸೀದಿ. "ಜೀವಮಾನವಿಡೀ ಬದಲಿಸಬೇಕಿಲ್ಲ" ಎಂದು ಮಾರುವವರು ಹೇಳಿದರೆ, ಯಾರ ಜೀವಮಾನ ಎಂದು ಕೇಳಬೇಕೆನಿಸುತ್ತದೆ. ರಸೀದಿಯಲ್ಲಿ ತಾರೀಖು, ಆಗಿನ ಮೈಲಿ, ಯಾವ ಆಯಿಲ್ ಎಂಬ ಮೂರೂ ಇರಬೇಕು. ಹೋಂಡಾ 2011ರ ಕಾಲದ ಗಾಡಿಗಳಿಗೆ ಡಿಡಬ್ಲ್ಯು-1 ಎಂಬ ತನ್ನದೇ ಆಯಿಲ್ ಹೇಳುತ್ತದೆ. ಹಿಂದೆ ಕ್ರೈಸ್ಲರ್ 1989ರಲ್ಲಿ ತಂದ ನಾಲ್ಕು ಗೇರಿನ ಆಟೋಮ್ಯಾಟಿಕ್‌ಗಳು, ಗ್ಯಾರೇಜಿನವರು ಎಲ್ಲ ಗಾಡಿಗೂ ಹಾಕುವ ಡೆಕ್ಸ್‌ರಾನ್ ಆಯಿಲನ್ನೇ ಅವಕ್ಕೂ ಸುರಿದದ್ದರಿಂದಲೂ ಕೆಟ್ಟಿವೆ. ಇನ್ನೊಂದು ಮಾತು: ಕೆಳಗಿನ ಬೋಲ್ಟ್ ಬಿಚ್ಚಿದರೆ ಪೂರ್ತಿ ಆಯಿಲ್ ಇಳಿಯುವುದಿಲ್ಲ, ದೊಡ್ಡ ಪಾಲು ಟಾರ್ಕ್ ಕನ್ವರ್ಟರಿನಲ್ಲೇ ಉಳಿಯುತ್ತದೆ. ಅದಕ್ಕಾಗಿ ಬಲ್ಲವರು ಇಳಿಸಿ, ತುಂಬಿ, ಸ್ವಲ್ಪ ಓಡಿಸಿ, ಮತ್ತೆ ಇಳಿಸಿ, ಹೀಗೆ ಮೂರು ಸಲ ಮಾಡುತ್ತಾರೆ.

ಈಗ ನಾನು ಮೋಸಹೋದ ಕಥೆ. 2009ರ ಫೆಬ್ರವರಿಯಲ್ಲಿ ಗಾಡಿ ನೋಡಲು ಹೋದಾಗ ಮಾರುವವನು ಅದನ್ನು ಮೊದಲೇ ಸ್ಟಾರ್ಟ್ ಮಾಡಿ, ಹೀಟರ್ ಹಾಕಿ, ಸೀಟು ಬೆಚ್ಚಗೆ ಮಾಡಿಟ್ಟಿದ್ದ. ಹೊರಗೆ ಮೂಗು ಮರಗಟ್ಟುವ ಚಳಿ. ಮನೆಗೆ ಬಂದವರ ಕೈಗೆ ಬಿಸಿ ಕಾಫಿ ಕೊಟ್ಟಂತಾಯಿತೆಂದು ನಾನು ಖುಷಿಪಟ್ಟೆ. ಹಣ ಕೊಟ್ಟು ತಂದ ಮರುದಿನ ಬೆಳಿಗ್ಗೆ ರಿವರ್ಸ್‌ಗೆ ಹಾಕಿದೆ. ಗಾಡಿ ಕದಲಲಿಲ್ಲ. ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತಿನ ಮೇಲೆ ಧಡಕ್ಕನೆ ಹಿಂದಕ್ಕೆ ಜಿಗಿಯಿತು. ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾದಾಗ ತಣ್ಣಗಿನ ಆಯಿಲ್‌ಗೆ ಒತ್ತಡ ಕಟ್ಟಲು ತಡವಾಗುತ್ತದೆ, ಬಿಸಿಯಾದ ಮೇಲೆ ಅದೇ ಗೇರ್‌ಬಾಕ್ಸ್ ಸಾಧುವಾಗಿ ನಡೆದುಕೊಳ್ಳುತ್ತದೆ. ಮರುವರ್ಷದ ಚಳಿಗಾಲ ಕಳೆಯುವುದರೊಳಗೆ ಅದಕ್ಕೆ ಮೂರನೆಯ ಗೇರು ಬೀಳುವುದೇ ನಿಂತಿತು. ಕಿಟಕಿಯ ಮೇಲಿನ ಕಾಗದದಲ್ಲಿ "ಆಸ್ ಈಸ್", ಅಂದರೆ ಇದ್ದದ್ದು ಇದ್ದಂತೆ, ವಾರಂಟಿ ಇಲ್ಲ, ಎಂದು ಅಚ್ಚಾಗಿತ್ತು. ಡೀಲರುಗಳು ಆ ಕಾಗದ ಅಂಟಿಸಲೇಬೇಕೆಂಬುದು ಇಲ್ಲಿಯ ಕಾನೂನು. ಓದಬೇಕಾದವನು ನಾನು, ಓದಿರಲಿಲ್ಲ.

ಆದ್ದರಿಂದ, ಬರುವವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ ಎಂದು ಹಿಂದಿನ ರಾತ್ರಿಯೇ ಹೇಳಿಟ್ಟು, ಹೋದೊಡನೆ ಬಾನೆಟ್ ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ. ಡ್ರೈವ್‌ಗೂ ರಿವರ್ಸ್‌ಗೂ ಹಾಕಿದಾಗ ಒಂದು ಸೆಕೆಂಡಿನೊಳಗೆ ಗೇರು ಹಿಡಿಯಬೇಕು. ಆಮೇಲೆ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಓಡಿಸಿ, ಏಕೆಂದರೆ ಕೆಲವು ದೋಷಗಳು ಕಾದ ಮೇಲಷ್ಟೇ ತೋರುತ್ತವೆ. ಗಂಟೆಗೆ 40–50 ಮೈಲಿಯಲ್ಲಿ ಆಕ್ಸಿಲರೇಟರ್ ಹಗುರವಾಗಿ ಒತ್ತಿ ಸಮನಾಗಿ ಹೋಗುವಾಗ, ಜಲ್ಲಿ ಹಾಸಿದ ದಾರಿಯಲ್ಲಿ ಹೋದಂತೆ ಗಾಡಿ ನಡುಗಿದರೆ ಟಾರ್ಕ್ ಕನ್ವರ್ಟರಿನ ಮೇಲೆ ಅನುಮಾನಪಡಬೇಕು. ಗೇರು ಬದಲಾಗುವ ಕ್ಷಣದಲ್ಲಿ ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಅದು ಚಿಕ್ಕಪ್ಪನ ಮೆಟಾಡೋರಿನ ಕಾಯಿಲೆಯೇ, ಖರ್ಚು ಮಾತ್ರ ನೂರು ಪಟ್ಟು. ಆಯಿಲ್ ನೋಡುವ ಕಡ್ಡಿ ಸಿಕ್ಕರೆ ಬಿಳಿ ಕಾಗದದ ಮೇಲೆ ಒರೆಸಿ: ಕೆಂಪಾಗಿದ್ದರೆ ಒಳ್ಳೆಯದು, ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬಂದರೆ ಅಲ್ಲಿಂದಲೇ ಹಿಂದಿರುಗಿ.

ಇಷ್ಟಾದ ಮೇಲೂ, ಮಾರುವವರಿಗೆ ಪರಿಚಯವಿಲ್ಲದ ಮೆಕ್ಯಾನಿಕ್ ಬಳಿ 150 ಡಾಲರ್ ಆಸುಪಾಸು ಕೊಟ್ಟು ತಪಾಸಣೆ ಮಾಡಿಸಿ. ಸ್ಕ್ಯಾನರ್‌ನಲ್ಲಿ ಗೇರ್‌ಬಾಕ್ಸಿನ ದೋಷ ಸೂಚಿಸುವ ಪಿ0700 ಅಥವಾ ಪಿ0740 ಕೋಡ್ ಇದೆಯೇ, ಕೋಡುಗಳನ್ನು ಇತ್ತೀಚೆಗೆ ಅಳಿಸಲಾಗಿದೆಯೇ ಎಂದು ಬಿಡಿಸಿ ಕೇಳಿ. ಗಾಡಿಯನ್ನು ಮೇಲೆತ್ತಿದಾಗ, ಗೇರ್‌ಬಾಕ್ಸಿನಿಂದ ಆಯಿಲ್ ತಣ್ಣಗಾಗಿಸುವ ಕೂಲರಿಗೆ ಹೋಗುವ ಉಕ್ಕಿನ ಪೈಪುಗಳನ್ನು ನೀವೇ ಟಾರ್ಚ್ ಹಿಡಿದು ನೋಡಿ. ಒಹಾಯೊದ ರಸ್ತೆಗಳಿಗೆ ಚಳಿಗಾಲದಲ್ಲಿ ಉಪ್ಪು ಸುರಿಯುವುದರಿಂದ ಅವು ತುಕ್ಕು ಹಿಡಿದು ಆಯಿಲ್ ಜಿನುಗಿಸುತ್ತವೆ. ರಸೀದಿಗಳಿದ್ದು ಇವೆಲ್ಲ ಸರಿಯಿದ್ದರೆ ಆ 2011ರ ಗಾಡಿಯನ್ನು ನಾನಾದರೆ ಕೊಳ್ಳುತ್ತೇನೆ. ರಸೀದಿ ಇಲ್ಲದೆ ಉಳಿದದ್ದೆಲ್ಲ ಸರಿಯಿದ್ದರೆ 5,000ಕ್ಕಿಂತ ಹೆಚ್ಚು ಕೊಡುವುದಿಲ್ಲ. ತಪಾಸಣೆಗೇ ಒಪ್ಪದವರ ಜೊತೆ ಚೌಕಾಶಿಗೆ ಕೂರುವುದೂ ಇಲ್ಲ. ನಿಮ್ಮ ಅಪ್ಪ ಅಮ್ಮ ಬರಲು ಇನ್ನೂ ಹತ್ತು ವಾರವಿದೆ, ಅಷ್ಟರಲ್ಲಿ ಇನ್ನೂ ನಾಲ್ಕು ಗಾಡಿ ನೋಡಬಹುದು.