ಅಪ್ಪನ ಸ್ಕ್ಯಾನ್‌ನಲ್ಲಿ ‘ಸೆರೆಬೆಲ್ಲಮ್ ಕುಗ್ಗಿದೆ’ ಅಂತಿದೆ, ಇದು ಮರೆವಿನ ಕಾಯಿಲೆನಾ?

ಇದು ಮರೆವಿನ ಕಾಯಿಲೆ ಆಲ್ಝೈಮರ್ಸ್‌ಗಿಂತ ಕಿರುಮೆದುಳಿನದೇ (ಸೆರೆಬೆಲ್ಲಮ್ ಅಂದರೆ ಇದೇ) ತೊಂದರೆ ಇರಬಹುದು. ನಡೆಯುವಾಗ ತೂರಾಡುತ್ತಾರೆ, ಎರಡು ಕೆಲಸ ಒಟ್ಟಿಗೆ ಹೇಳಿದರೆ ಗೊಂದಲ, ಆದರೆ ನಿನ್ನೆ ನಡೆದದ್ದು ನೆನಪಿದೆ ಅಂತ ಬರೆದಿದ್ದೀರಿ, ಅಲ್ವಾ? ಕಿರುಮೆದುಳು ಬರೀ ಬ್ಯಾಲೆನ್ಸ್‌ಗೆ ಇರುವುದಲ್ಲ. ಯೋಚಿಸಿ ಕೆಲಸ ಜೋಡಿಸಿಕೊಳ್ಳಲು, ಪದ ಹುಡುಕಲು ಕೂಡ ಬೇಕು. 1998ರಲ್ಲೇ ಶ್ಮಾಮನ್ ಮತ್ತು ಶೆರ್ಮನ್ ಎಂಬ ಸಂಶೋಧಕರು ಇದನ್ನು ವಿವರಿಸಿದ್ದಾರೆ. ವಯಸ್ಸಾದಂತೆ ಅದು ಸ್ವಲ್ಪ ಕುಗ್ಗುವುದೂ ಉಂಟು, ಹಾಗಾಗಿ ರಿಪೋರ್ಟ್ ಒಂದನ್ನೇ ನೋಡಿ ಏನೂ ಹೇಳಲಾಗದು.

ಮೊದಲು ಅವರ ಮಾತ್ರೆಗಳ ಪಟ್ಟಿ ಮಾಡಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ವರ್ಷಗಟ್ಟಲೆ ಜಾಸ್ತಿ ಕುಡಿತ, ಎರಡೂ ಈ ಭಾಗವನ್ನು ಹಾಳುಮಾಡಬಲ್ಲವು (ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ). ಆಮೇಲೆ ಬಿ12, ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ, ಎಲ್ಲ ಹಿಡಿದು ನರರೋಗ ತಜ್ಞರ ಹತ್ತಿರ ಹೋಗಿ. ಅಲ್ಲಿ 30 ಅಂಕದ ಮಾಮೂಲಿ ನೆನಪಿನ ಪರೀಕ್ಷೆ ಚೆನ್ನಾಗಿ ಬಂತು ಅಂತ ಸುಮ್ನೆ ವಾಪಸ್ ಬರಬೇಡಿ. ನನ್ನ ಅಮ್ಮನಿಗೆ 28 ಬಂದಿತ್ತು, ಆದರೆ ಒಂದು ನಿಮಿಷದಲ್ಲಿ ‘ಕ’ದಿಂದ ಶುರುವಾಗುವ ಪದ ಹೇಳಿ ಅಂದಾಗ ನಾಲ್ಕಕ್ಕೇ ನಿಂತು ನನ್ನ ಮುಖ ನೋಡಿದರು. ಹಾಗಾಗಿ ಕಿರುಮೆದುಳಿನ ತೊಂದರೆಯಿಂದ ಯೋಚನೆ, ಮಾತಿನಲ್ಲಿ ಆಗುವ ಏರುಪೇರು ನೋಡಲು ಅಂತಲೇ ಇರುವ ಸಿಸಿಎಎಸ್ (CCAS) ಪರೀಕ್ಷೆ ಮಾಡ್ತೀರಾ ಅಂತ ಕೇಳಿ.

ತೂರಾಟ ಒಮ್ಮೆಲೇ ಶುರುವಾಗಿದ್ದರೆ ಇದ್ಯಾವುದಕ್ಕೂ ಕಾಯದೆ ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅದು ಸ್ಟ್ರೋಕ್ ಆಗಿರಬಹುದು.