ಬದಿಯಡ್ಕದಲ್ಲಿ ಓಟಿ (ಆಕ್ಯುಪೇಶನಲ್ ಥೆರಪಿಸ್ಟ್) ಹುಡುಕುವುದು ಅಂದ್ರೆ

“ಕೇರಳದಲ್ಲಿದ್ದೀರಿ, ನಿಮಗೆ ಆಸ್ಪತ್ರೆಗೇನು ಕೊರತೆ? ಒಬ್ಬ ಥೆರಪಿಸ್ಟಿಗಾಗಿ ಮಂಗಳೂರಿಗೆ ಯಾಕೆ ಓಡ್ತೀರಿ?” ಅಂತ ಕೇಳಿದೆಯಲ್ಲ ಮಾರಾಯಾ, ಹೇಳ್ತೇನೆ ಕೇಳು.

ಜ್ವರ, ಲಸಿಕೆ, ಹೆರಿಗೆಗೆ ನಮ್ಮ ಸರ್ಕಾರಿ ಆಸ್ಪತ್ರೆಗಳು ಚೆನ್ನಾಗಿಯೇ ಇವೆ. ನಮಗೆ ಅದರ ಹೆಮ್ಮೆಯೂ ಇದೆ. ಆದರೆ ಆಕ್ಯುಪೇಶನಲ್ ಥೆರಪಿಯ ಕತೆ ಬೇರೆ. ಅಂಗಿಯ ಗುಂಡಿ ಹಾಕುವುದು, ಅನ್ನ ಕಲಸಿ ಉಣ್ಣುವುದು, ಪೆನ್ಸಿಲ್ ಹಿಡಿಯುವುದು, ಗದ್ದಲಕ್ಕೆ ಗಾಬರಿಯಾಗದೆ ಕೂರುವುದು, ಇಂಥದ್ದನ್ನು ಆಟ ಆಡಿಸುತ್ತಲೇ ಕಲಿಸುವವರು ಈ ಥೆರಪಿಸ್ಟುಗಳು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲದಂಥ ಸಣ್ಣ ಪೇಟೆಯಲ್ಲಿ ಅವರು ಸಿಗುವುದು ಕಷ್ಟ. ಅವರ ಅಗತ್ಯವಿರುವ ಮಕ್ಕಳು ಮಾತ್ರ ಇಲ್ಲಿ ಜಾಸ್ತಿ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ವಿಷ ಸಿಂಪಡಿಸಿದ ಊರುಗಳು ಇವು. ವಿಶೇಷ ಅಗತ್ಯವಿರುವ ಮಕ್ಕಳಿಗೆ ಪಂಚಾಯತಿನ ಬಡ್ಸ್ ಶಾಲೆಗಳಿವೆ, ಅಲ್ಲಿನ ಟೀಚರುಗಳು ಜೀವ ತೇದು ಕೆಲಸ ಮಾಡುತ್ತಾರೆ. ಎಲ್ಲವನ್ನೂ ಅವರ ತಲೆಗೇ ಕಟ್ಟಲಾಗುತ್ತದಾ?

ಕಾಸರಗೋಡಿನಲ್ಲಿ ಒಬ್ಬರು ಸಿಕ್ಕರು ಅಂತಿಟ್ಟುಕೋ. ನಮ್ಮ ಕಗ್ಗಂಟು ಶುರುವಾಗುವುದೇ ಅಲ್ಲಿ. ಅವರಿಗೆ ಬರುವುದು ಮಲಯಾಳ. ನನ್ನ ಮಗನಿಗೆ ಮನೆಯಲ್ಲೂ ಕನ್ನಡ, ಶಾಲೆಯಲ್ಲೂ ಕನ್ನಡ. ಅವರು ಮಣಿಗಳ ಬಟ್ಟಲು ಮುಂದಿಟ್ಟು, ಕೆಂಪು ಮಣಿ ಹೆಕ್ಕಿ ದಾರಕ್ಕೆ ಪೋಣಿಸು ಅಂತ ಮಲಯಾಳದಲ್ಲಿ ಹೇಳುತ್ತಾರೆ. ಅವನು ನನ್ನ ಮುಖ ನೋಡುತ್ತಾನೆ. ನಾನು ಕನ್ನಡದಲ್ಲಿ ಹೇಳಿದ ಮೇಲೆ ಬಟ್ಟಲಿಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ಅವರು ಬಟ್ಟಲು ತೆಗೆದು ಚೆಂಡು ಇಟ್ಟಿರುತ್ತಾರೆ. ಆಮೇಲೆ ರಿಪೋರ್ಟಿನಲ್ಲಿ ‘ಹೇಳಿದ್ದು ಅರ್ಥವಾಗುವುದಿಲ್ಲ, ಮುಖ ನೋಡುವುದಿಲ್ಲ’ ಅಂತ ಬರುತ್ತದೆ. ಅವರು ಕೆಟ್ಟವರಲ್ಲ, ಪಾಪ, ಮಗುವನ್ನು ಪ್ರೀತಿಯಿಂದಲೇ ನೋಡುತ್ತಾರೆ. ಆದರೆ ಆ ಕಾಗದ ಮುಂದಿನ ಡಾಕ್ಟರ ಮೇಜಿಗೆ ಹೋಗುತ್ತದೆ, ಶಾಲೆಗೂ ಹೋಗುತ್ತದೆ. ಅವನಿಗೆ ಇಲ್ಲದ ತೊಂದರೆಯೊಂದು ಅವನ ಹೆಸರಿಗೆ ಅಂಟಿಕೊಳ್ಳುತ್ತದೆ. ನನಗೆ ತಡೆಯಲಾಗದ್ದು ಇದು.

ಮಂಗಳೂರಿನಲ್ಲಿ ಅದೇ ಮಣಿ, ಅದೇ ದಾರ. ಕನ್ನಡದಲ್ಲಿ ಹೇಳಿದ ಕೂಡಲೇ ಪೋಣಿಸುತ್ತಾನೆ. ಅದಕ್ಕೇ ಓಡುವುದು. ಬಸ್ಸಿನಲ್ಲೇ ಅರ್ಧ ದಿನ ಹೋಗುತ್ತದೆ, ಶಾಲೆ ತಪ್ಪುತ್ತದೆ, ಫೀಸು ಕೈಯಿಂದಲೇ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ಕರ್ನಾಟಕದವರು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಆಂಬುಲೆನ್ಸುಗಳೇ ಗಡಿಯ ತಲಪಾಡಿಯಲ್ಲಿ ನಿಂತವು. ಆವತ್ತಿನಿಂದ ಮಂಗಳೂರು ಪಕ್ಕದಲ್ಲೇ ಇದೆ ಅಂತ ಧೈರ್ಯವಾಗಿ ಹೇಳಲು ನಾಲಿಗೆ ಏಳುವುದಿಲ್ಲ.

ಸರ್ಕಾರಕ್ಕೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನೇ ನಮಗೆ ಕೊಟ್ಟಿತು. ಶಾಲೆಗೆ ಕನ್ನಡ ಬಾರದ ಟೀಚರನ್ನು ಹಾಕಿದರೆ ಊರವರು ಧರಣಿ ಕೂರುತ್ತಾರೆ. ಥೆರಪಿ ಕೋಣೆಯಲ್ಲಿ ಕನ್ನಡ ಬೇಕು ಅಂತ ಯಾರೂ ಕೂತಿಲ್ಲ. ಕೂರಬೇಕು, ನಾನಂತೂ ಕೂರುತ್ತೇನೆ.

“ಮಂಗಳೂರಿಗೇ ಬಂದುಬಿಡಿ” ಅಂತ ಸುಲಭಕ್ಕೆ ಹೇಳಬೇಡ. ನಮ್ಮ ತೋಟ ಇಲ್ಲಿದೆ, ವೋಟು ಇಲ್ಲಿದೆ, ಅವನ ಗೆಳೆಯರು ಇಲ್ಲಿದ್ದಾರೆ. ಅದರ ಬದಲು ಒಂದು ಉಪಕಾರ ಮಾಡು. ಮಣಿಪಾಲದಲ್ಲಿ ಓಟಿ ಓದುವ ಕನ್ನಡದ ಹುಡುಗ ಹುಡುಗಿಯರು ಗೊತ್ತಿದ್ದರೆ ನನ್ನ ನಂಬರ್ ಕೊಡು. ವಾರಕ್ಕೊಮ್ಮೆ ಬದಿಯಡ್ಕಕ್ಕೆ ಬಂದರೂ ಸಾಕು. ಕೋಣೆ, ಊಟ, ಬಸ್ ಚಾರ್ಜು ನಮ್ಮದು.